ರಿಯಾಯಿತಿಯೆಂಬ ಬೇಲಿ

ಮಳೆಗಾಲಕ್ಕೆ ಮುನ್ನ ನಮ್ಮ ಮನೆಯಲ್ಲಿ ಒಂದು ಸಂಭ್ರಮ. ಮೊಮ್ಮಗಳಿಗೆ ಮಂಗಳೂರಿನ ಕಾಲೇಜೊಂದರಲ್ಲಿ ಸ್ಥಾನ ದೊರೆಯಿತು. ಅದರ ಬೆನ್ನಿಗೇ ಬೇಡಿಕೆಯೂ ಬಂತು: ಒಂದು ಗಣಕಯಂತ್ರ ಬೇಕು, ಅದೂ ಹೆಗಲಚೀಲದಲ್ಲಿ ಹಿಡಿಸುವಂಥದು. ಅಡಕೆ ಮಾರಿದ ಹಣದಲ್ಲಿ ಸ್ವಲ್ಪವನ್ನು ಅದಕ್ಕೆಂದೇ ತೆಗೆದಿರಿಸಿ ಅಜ್ಜ, ಮೊಮ್ಮಗಳು ಇಬ್ಬರೂ ಕಾಸರಗೋಡು ಪೇಟೆಗೆ ಹೋದೆವು. ಅಂಗಡಿಯ ಹುಡುಗನು ಯಂತ್ರಗಳ ಸಾಲನ್ನು ತೋರಿಸುತ್ತ, "ಇಂಟೆಲ್ ಬೇಕೋ, ಎಎಂಡಿ ಬೇಕೋ?" ಎಂದು ಕೇಳಿದನು. ನಾನು ಮೊಮ್ಮಗಳ ಮುಖ ನೋಡಿದೆ. "ಅಜ್ಜ, ಅದು ಒಳಗಿರುವ ಪ್ರೊಸೆಸರನ್ನು ಮಾಡಿದ ಕಂಪೆನಿಯ ಹೆಸರು. ಪ್ರೊಸೆಸರ್ ಎಂದರೆ ಯಂತ್ರದ ಮಿದುಳು ಇದ್ದ ಹಾಗೆ" ಎಂದು ಆಕೆ ಮೆಲ್ಲನೆ ನನ್ನ ಮರ್ಯಾದೆ ಕಾಪಾಡಿದಳು.

ಅಂಗಡಿಯ ಯಜಮಾನರು ನನಗೆ ಹಳೆಯ ಪರಿಚಯದವರು. ಅವರು ನಕ್ಕು, "ಹತ್ತು ವರ್ಷಗಳ ಹಿಂದೆ ನೀವು ಬಂದಿದ್ದರೆ ನಾವು ಈ ಪ್ರಶ್ನೆಯನ್ನೇ ಕೇಳುತ್ತಿರಲಿಲ್ಲ, ಮಾಸ್ತರೇ. ಆಗ ಹೆಚ್ಚುಕಡಿಮೆ ಎಲ್ಲದರ ಒಳಗೂ ಒಂದೇ ಹೆಸರು" ಎಂದರು. ಊರಿಗೊಬ್ಬಳೇ ಪದ್ಮಾವತಿ ಎಂಬ ಗಾದೆ ನನಗೆ ನೆನಪಾಯಿತು. ಪದ್ಮಾವತಿ ಒಬ್ಬಳೇ ಆದದ್ದು ಆಕೆಯ ಚೆಲುವಿನಿಂದಲೋ, ಉಳಿದವರನ್ನು ಯಾರೂ ಊರೊಳಗೆ ಬಿಡದೆ ಇದ್ದುದರಿಂದಲೋ ಎಂಬ ಸಂದೇಹವೂ ಹುಟ್ಟಿತು.

ಮನೆಗೆ ಬಂದ ಮೇಲೆ ಮೊಮ್ಮಗಳ ಸಹಾಯದಿಂದ ಈ ವಿಷಯವನ್ನು ಓದುತ್ತ ಹೋದೆ. ಓದಿದಂತೆಲ್ಲ ಇದು ಕೇವಲ ಯಂತ್ರದ ಕಥೆಯಲ್ಲ, ವ್ಯಾಪಾರಧರ್ಮದ ಕಥೆ ಎಂದು ತಿಳಿಯಿತು. ದೂರದ ಅಮೆರಿಕದ ಎರಡು ಕಂಪೆನಿಗಳ ವ್ಯಾಜ್ಯ ನಮಗೇಕೆ ಎಂದು ಕೆಲವು ವಾಚಕರು ಕೇಳಬಹುದು. ಮಕ್ಕಳ ಓದಿಗೆಂದು ನಾವು ಕೊಡುವ ಹಣದ ಒಂದಂಶ ಆ ವ್ಯಾಜ್ಯದ ಕಣಕ್ಕೇ ಹೋಗಿ ಬೀಳುತ್ತದೆ. ಆದುದರಿಂದ ಅದರ ಗುಟ್ಟನ್ನು ಅರಿಯುವುದು ಗೃಹಸ್ಥನಾದವನಿಗೆ ವ್ಯರ್ಥವಲ್ಲ.

ಇವೆರಡೂ ಒಂದೇ ಮನೆಯಿಂದ ಹೊರಟ ದಾಯಾದಿಗಳು. ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಫೇರ್‌ಚೈಲ್ಡ್ ಸೆಮಿಕಂಡಕ್ಟರ್ ಎಂಬ ಸಂಸ್ಥೆಯಿತ್ತು. ಅದನ್ನು ತೊರೆದು ಬಂದ ರಾಬರ್ಟ್ ನಾಯ್ಸ್ ಮತ್ತು ಗಾರ್ಡನ್ ಮೂರ್ ಎಂಬವರು ೧೯೬೮ರಲ್ಲಿ ಇಂಟೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ, ಅಂದರೆ ೧೯೬೯ರಲ್ಲಿ, ಅದೇ ಫೇರ್‌ಚೈಲ್ಡಿನ ಮಾರಾಟದ ಹೊಣೆ ಹೊತ್ತಿದ್ದ ಜೆರಿ ಸ್ಯಾಂಡರ್ಸ್ ಕೆಲವು ಸಂಗಾತಿಗಳೊಡನೆ ಹೊರಬಂದು ಎಎಂಡಿಯನ್ನು ಕಟ್ಟಿದರು. ೧೯೭೧ರಲ್ಲಿ ಇಂಟೆಲ್ ಸಂಸ್ಥೆಯು ೪೦೦೪ ಎಂಬ ಅಂಕಿತದ ಪ್ರೊಸೆಸರನ್ನು ಮಾರಾಟಕ್ಕೆ ತಂದಿತು. ಒಂದು ಗಣಕದ ಮಿದುಳನ್ನೆಲ್ಲ ಬೆರಳ ತುದಿಯಷ್ಟು ಅಗಲದ ಸಿಲಿಕಾನ್ ತುಣುಕಿನಲ್ಲಿ ಅಡಕಗೊಳಿಸಿ ಮಾರುವ ಯುಗ ಅಲ್ಲಿಂದ ಆರಂಭವಾಯಿತು.

೧೯೮೧ರಲ್ಲಿ ಐಬಿಎಂ ಸಂಸ್ಥೆಯು ಮನೆಮನೆಗೂ ಕಚೇರಿಕಚೇರಿಗೂ ಸಲ್ಲುವಂತಹ ತನ್ನ ಪರ್ಸನಲ್ ಕಂಪ್ಯೂಟರನ್ನು ಹೊರತಂದಾಗ ಅದರೊಳಗೆ ಇಂಟೆಲಿನ ೮೦೮೮ ಎಂಬ ಪ್ರೊಸೆಸರನ್ನು ಇರಿಸಿತು. ಆದರೆ ಐಬಿಎಂ ಜಾಗರೂಕ ಗಿರಾಕಿ. ಮುಖ್ಯವಾದ ಒಂದು ಭಾಗಕ್ಕೆ ಒಬ್ಬನನ್ನೇ ನಂಬಿ ಕುಳಿತರೆ, ನಾಳೆ ಅವನ ಕಾರ್ಖಾನೆ ನಿಂತಾಗ ಅಥವಾ ಅವನು ಬೆಲೆ ಏರಿಸಿದಾಗ ತನ್ನ ಗತಿಯೇನು? ಆದುದರಿಂದ ಅದೇ ಪ್ರೊಸೆಸರನ್ನು ಮಾಡಿಕೊಡಬಲ್ಲ ಇನ್ನೊಬ್ಬನೂ ಇರಬೇಕೆಂದು ಅದು ಪಟ್ಟು ಹಿಡಿಯಿತು. ಹಾಗೆ ೧೯೮೨ರಲ್ಲಿ ಇಂಟೆಲಿಗೂ ಎಎಂಡಿಗೂ ಒಂದು ಒಪ್ಪಂದವಾಗಿ, ಎಎಂಡಿಗೆ ಆ ಕುಲದ ಪ್ರೊಸೆಸರುಗಳನ್ನು ತಯಾರಿಸುವ ಅವಕಾಶ ದೊರೆಯಿತು. ಎರಡನೆಯ ಬಾಗಿಲು ತೆರೆದದ್ದು ಮಾರುವವರ ಔದಾರ್ಯದಿಂದಲ್ಲ, ಕೊಳ್ಳುವವನ ಮುಂದಾಲೋಚನೆಯಿಂದ ಎಂಬುದನ್ನು ವಾಚಕರು ಗಮನಿಸಬೇಕು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಮೂರನೆಯವನೊಬ್ಬನು ಬಂದು ತನ್ನದೇ ರೀತಿಯ ಪ್ರೊಸೆಸರನ್ನು ಮಾಡಬಾರದೇಕೆ? ಗಡಿಯಾಚೆ ಇದ್ದು ಮನೆಮಾತನ್ನು ಉಳಿಸಿಕೊಂಡು ಬಂದ ನಮಗೆ ಇದರ ಉತ್ತರ ಬೇಗನೆ ಅರ್ಥವಾದೀತು. ಪ್ರೊಸೆಸರಿಗೂ ಒಂದು ಭಾಷೆಯಿದೆ. ಯಾವ ಆಜ್ಞೆಗೆ ಯಾವ ಕೆಲಸ ಎಂಬ ಕಟ್ಟುಪಾಡೇ ಆ ಭಾಷೆ. ಇಂಟೆಲಿನ ೮೦೮೬ ಮತ್ತು ಅದರ ಸಂತತಿಯ ಭಾಷೆಗೆ ಎಕ್ಸ್-೮೬ ಎಂದು ಹೆಸರು. ಐಬಿಎಂ ಯಂತ್ರವೂ ಅದರ ಅನುಕರಣಗಳೂ ಲೋಕವನ್ನೆಲ್ಲ ತುಂಬಿದಾಗ, ಲೆಕ್ಕಪತ್ರದಿಂದ ಹಿಡಿದು ಆಟದವರೆಗೆ ಸಾವಿರಾರು ಕ್ರಮವಿಧಿಗಳು ಆ ಒಂದೇ ಭಾಷೆಯಲ್ಲಿ ಸಿದ್ಧವಾದವು. ಆ ಭಾಷೆಯನ್ನು ಬಲ್ಲದ ಪ್ರೊಸೆಸರು ಎಷ್ಟೇ ಜಾಣನಾದರೂ ಆ ಪುಸ್ತಕಗಳನ್ನು ಓದಲಾರದು. ಆ ಭಾಷೆಯನ್ನು ಬಳಸುವ ಹಕ್ಕಾದರೋ ಕೆಲವರಲ್ಲಿ ಮಾತ್ರವಿತ್ತು. ಹೀಗೆ ಕಣವು ಮೊದಲೇ ಕಿರಿದಾಗಿತ್ತು.

ಒಪ್ಪಂದವೂ ಬಹುಕಾಲ ಬಾಳಲಿಲ್ಲ. ೧೯೮೫ರಲ್ಲಿ ೩೮೬ ಎಂಬ ಹೊಸ ಪ್ರೊಸೆಸರು ಬಂದಾಗ ಅದರ ವಿನ್ಯಾಸವನ್ನು ಇಂಟೆಲ್ ದಾಯಾದಿಗೆ ಕೊಡಲಿಲ್ಲ. ೧೯೮೭ರಲ್ಲಿ ಮಧ್ಯಸ್ಥಿಕೆಗೆ ಹೋದ ಜಗಳ ೧೯೯೨ರಲ್ಲಿ ಎಎಂಡಿಯ ಪರವಾಗಿ ತೀರ್ಮಾನವಾಯಿತು. ಆ ತೀರ್ಮಾನವನ್ನು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು ೧೯೯೪ರಲ್ಲಿ ಎತ್ತಿಹಿಡಿಯಿತು. ಈ ನಡುವೆ ಎಎಂಡಿಯು ೧೯೯೧ರಲ್ಲಿ ತಾನೇ ಒಂದು ೩೮೬ನ್ನು ಮಾಡಿ ಮಾರತೊಡಗಿತ್ತು. ನಮ್ಮ ದೇಶದವರೊಬ್ಬರು ಎರಡು ಪಾಳೆಯಗಳಲ್ಲಿಯೂ ದುಡಿದ ಸ್ವಾರಸ್ಯವೂ ಈ ಕಥೆಯಲ್ಲಿದೆ. ಪುಣೆಯಲ್ಲಿ ಜನಿಸಿದ ವಿನೋದ್ ಧಾಮ್ ಎಂಬವರು ಇಂಟೆಲಿನಲ್ಲಿದ್ದು, ೧೯೯೩ರಲ್ಲಿ ಬಂದ ಪೆಂಟಿಯಮ್ ಪ್ರೊಸೆಸರಿನ ನಿರ್ಮಾಣದಲ್ಲಿ ಪ್ರಮುಖ ಪಾತ್ರ ವಹಿಸಿದರು. ಬಳಿಕ ಅವರು ನೆಕ್ಸ್‌ಜೆನ್ ಎಂಬ ಸಣ್ಣ ಕಂಪೆನಿಯನ್ನು ಸೇರಿದರು. ಆ ಕಂಪೆನಿಯನ್ನು ಎಎಂಡಿಯು ೧೯೯೬ರಲ್ಲಿ ತನ್ನದಾಗಿಸಿಕೊಂಡಿತು. ಅಲ್ಲಿಂದ ಬಂದ ವಿನ್ಯಾಸವೇ ಎಎಂಡಿಯ ಕೆ-೬ ಪ್ರೊಸೆಸರಿಗೆ ತಳಹದಿಯಾಯಿತು.

ಆಮೇಲೆ ಎಎಂಡಿಯ ಒಳ್ಳೆಯ ಕಾಲ. ೧೯೯೯ರಲ್ಲಿ ಅದರ ಅಥ್ಲಾನ್ ಬಂತು. ಸೆಕೆಂಡಿಗೆ ನೂರು ಕೋಟಿ ಮಿಡಿತಗಳ ವೇಗವನ್ನು ೨೦೦೦ದ ಮಾರ್ಚ್ ತಿಂಗಳಲ್ಲಿ ಮೊದಲು ಮುಟ್ಟಿದ್ದು ಅದೇ, ಇಂಟೆಲಿಗಿಂತ ಎರಡು ದಿನ ಮುಂಚೆ. ೨೦೦೩ರಲ್ಲಿ ಅದು ಹಳೆಯ ಭಾಷೆಯನ್ನು ಬಿಡದೆಯೇ ಒಮ್ಮೆಗೆ ೬೪ ಅಂಕಿಗಳನ್ನು ನಿರ್ವಹಿಸಬಲ್ಲ ಪ್ರೊಸೆಸರನ್ನು ತಂದಾಗ, ಮರುವರ್ಷ ಇಂಟೆಲ್ ಕೂಡ ಅದೇ ಹಾದಿಯನ್ನು ಹಿಡಿಯಬೇಕಾಯಿತು. ಶಿಷ್ಯನು ಬರೆದ ಪಾಠವನ್ನು ಗುರುವು ಓದುವ ಕಾಲ ಬಂದಿತ್ತು. ಸರಕು ಹೀಗಿದ್ದಾಗ ಮಾರುಕಟ್ಟೆಯ ಪಾಲು ತಾನಾಗಿಯೇ ಏರಬೇಕು ತಾನೆ? ಅದು ಯೋಗ್ಯತೆಗೆ ತಕ್ಕಷ್ಟು ಏರಲಿಲ್ಲವೆಂಬುದು ಎಎಂಡಿಯ ದೂರು. ಜಗತ್ತಿನ ಎಕ್ಸ್-೮೬ ಪ್ರೊಸೆಸರುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಕಡಿಮೆಯಿಲ್ಲದಷ್ಟು ಪಾಲು ಇಂಟೆಲಿನ ಕೈಯಲ್ಲಿಯೇ ಉಳಿದಿತ್ತು.

ಇನ್ನು ಈ ಲೇಖನದ ಮರ್ಮಕ್ಕೆ ಬರುತ್ತೇನೆ. ಇಲ್ಲಿ ಆಯುಧವಾಗಿ ಬಳಕೆಯಾದದ್ದು ಬೆದರಿಕೆಯ ದೊಣ್ಣೆಯಲ್ಲ, ನಾವೆಲ್ಲ ಮೆಚ್ಚುವ ರಿಯಾಯಿತಿ. ರಿಯಾಯಿತಿ ಹೇಗೆ ಬೇಲಿಯಾದೀತು? ಒಂದು ಲೆಕ್ಕದಿಂದ ಅದನ್ನು ಮನಗಾಣೋಣ. ಇದು ತಿಳಿವಳಿಕೆಗಾಗಿ ನಾನೇ ಕಟ್ಟಿದ ಲೆಕ್ಕ.

ಒಬ್ಬ ಗಣಕ ತಯಾರಕನಿಗೆ ತಿಂಗಳಿಗೆ ನೂರು ಪ್ರೊಸೆಸರುಗಳು ಬೇಕು. ಗಿರಾಕಿಗಳು ಹೆಸರು ಹೇಳಿ ಕೇಳುವುದರಿಂದ ಅವುಗಳಲ್ಲಿ ಎಪ್ಪತ್ತನ್ನಾದರೂ ದೊಡ್ಡ ಕಂಪೆನಿಯಿಂದ ಕೊಳ್ಳದೆ ಅವನಿಗೆ ಗತ್ಯಂತರವಿಲ್ಲ. ಉಳಿದ ಮೂವತ್ತಕ್ಕೆ ಮಾತ್ರ ಅವನು ಸ್ವತಂತ್ರ. ದೊಡ್ಡವನ ಬೆಲೆ ತಲಾ ೧,೦೦೦ ರೂಪಾಯಿ. ದೊಡ್ಡವನು ಹೇಳುತ್ತಾನೆ: "ನಿನ್ನ ಅಗತ್ಯದಲ್ಲಿ ನೂರಕ್ಕೆ ತೊಂಬತ್ತೈದನ್ನು ನನ್ನಿಂದಲೇ ಕೊಂಡರೆ, ಕೊಂಡುದೆಲ್ಲದರ ಮೇಲೆಯೂ ನೂರಕ್ಕೆ ಹತ್ತು ರಿಯಾಯಿತಿ." ನೂರನ್ನೂ ಅವನಿಂದಲೇ ಕೊಂಡರೆ ಒಟ್ಟು ೯೦,೦೦೦ ರೂಪಾಯಿ.

ಈಗ ಸಣ್ಣವನು ಬಂದು ಆ ಮೂವತ್ತನ್ನು ಮಾರಬಯಸುತ್ತಾನೆ. ತಯಾರಕನು ಎಪ್ಪತ್ತನ್ನು ದೊಡ್ಡವನಿಂದ ರಿಯಾಯಿತಿಯಿಲ್ಲದೆ ಕೊಂಡರೆ ೭೦,೦೦೦ ರೂಪಾಯಿ ಅಲ್ಲಿಗೇ ಹೋಯಿತು. ನಷ್ಟವಾಗದಂತೆ ನೋಡಿಕೊಳ್ಳಲು ಉಳಿದದ್ದು ೨೦,೦೦೦. ಅದನ್ನು ಮೂವತ್ತರಿಂದ ಭಾಗಿಸಿದರೆ ತಲಾ ೬೬೬ ರೂಪಾಯಿ ಚಿಲ್ಲರೆ. ಎಂದರೆ, ದೊಡ್ಡವನು ಹತ್ತನೆಯ ಒಂದು ಪಾಲನ್ನು ಬಿಟ್ಟುಕೊಟ್ಟಾಗ ಸಣ್ಣವನು ಮೂರನೆಯ ಒಂದು ಪಾಲನ್ನೇ ಬಿಟ್ಟುಕೊಡಬೇಕು. ಮೂವತ್ತರ ಬದಲು ಹತ್ತನ್ನೇ ಮಾರಹೊರಟರೋ, ದೊಡ್ಡವನ ತೊಂಬತ್ತಕ್ಕೇ ೯೦,೦೦೦ ರೂಪಾಯಿ ಮುಗಿಯುತ್ತದೆ. ಸಣ್ಣವನು ತನ್ನ ಹತ್ತನ್ನು ಧರ್ಮಕ್ಕೆ ಕೊಡಬೇಕು. ಇನ್ನೂ ಕಡಿಮೆ, ಆರನ್ನು ಮಾತ್ರ ಧರ್ಮಕ್ಕೆ ಕೊಡುತ್ತೇನೆಂದರೂ ತಯಾರಕನು ದೊಡ್ಡವನಿಗೆ ೯೪,೦೦೦ ತೆರಬೇಕಾಗುವುದರಿಂದ ಪುಕ್ಕಟೆಯ ಸರಕೂ ಅವನಿಗೆ ನಷ್ಟವೇ!

ಇದೇನು ಲೆಕ್ಕದ ಮಾಸ್ತರನ ಕಲ್ಪನೆ ಎಂದು ನಗಬೇಡಿರಿ. ಐರೋಪ್ಯ ಆಯೋಗವು ತನ್ನ ತೀರ್ಪಿನೊಡನೆ ಪ್ರಕಟಿಸಿದ ಹೇಳಿಕೆಯಲ್ಲಿ ಇಂಥದೇ ಒಂದು ಪ್ರಸಂಗವಿದೆ. ಎಎಂಡಿಯು ಒಬ್ಬ ಗಣಕ ತಯಾರಕನಿಗೆ ಹತ್ತು ಲಕ್ಷ ಪ್ರೊಸೆಸರುಗಳನ್ನು ಉಚಿತವಾಗಿ ಕೊಡುವೆನೆಂದು ಮುಂದೆ ಬಂದಿತ್ತು. ಅಷ್ಟನ್ನೂ ಸ್ವೀಕರಿಸಿದ್ದರೆ ಉಳಿದ ಖರೀದಿಯ ಮೇಲಿನ ಇಂಟೆಲಿನ ರಿಯಾಯಿತಿ ಕೈತಪ್ಪಿ ಒಟ್ಟಿನಲ್ಲಿ ಆ ತಯಾರಕನಿಗೆ ಹಾನಿಯಾಗುತ್ತಿತ್ತು. ಕೊನೆಗೆ ಅವನು ತೆಗೆದುಕೊಂಡದ್ದು ೧,೬೦,೦೦೦ ಮಾತ್ರ. ಬಾಗಿಲಿಗೆ ಬಂದ ಪುಕ್ಕಟೆ ಅಕ್ಕಿಯನ್ನು ಗೃಹಸ್ಥನು ಹಿಂದಕ್ಕೆ ಕಳುಹಿಸುತ್ತಾನೆಂದರೆ ಆ ಮನೆಯ ಸುತ್ತ ಕಾಣದ ಬೇಲಿಯೊಂದು ಇದೆಯೆಂದೇ ಅರ್ಥ.

ಮೊದಲು ಎಚ್ಚತ್ತದ್ದು ಜಪಾನು. ಅಲ್ಲಿನ ನ್ಯಾಯಸಮ್ಮತ ವ್ಯಾಪಾರ ಆಯೋಗವು ೨೦೦೪ರಲ್ಲಿ ಇಂಟೆಲಿನ ಕಚೇರಿಗಳನ್ನು ಶೋಧಿಸಿ, ೨೦೦೫ರ ಮಾರ್ಚ್ ತಿಂಗಳಲ್ಲಿ ತನ್ನ ನಿರ್ಣಯವನ್ನು ನೀಡಿತು. ಜಪಾನಿನ ಐದು ಗಣಕ ತಯಾರಕರಿಗೆ, ಪ್ರತಿಸ್ಪರ್ಧಿಗಳ ಸರಕನ್ನು ಕೊಳ್ಳದಿರುವ ಅಥವಾ ತೀರ ಕಡಿಮೆ ಕೊಳ್ಳುವ ಷರತ್ತಿನ ಮೇಲೆ ಹಣ ಬಿಟ್ಟುಕೊಡಲಾಗಿತ್ತೆಂದೂ, ಅಲ್ಲಿ ಇಂಟೆಲಿನ ಎದುರಾಳಿಗಳ ಪಾಲು ೨೦೦೨ರಲ್ಲಿ ನೂರಕ್ಕೆ ಸುಮಾರು ೨೪ ಇದ್ದುದು ೨೦೦೩ರಲ್ಲಿ ಸುಮಾರು ೧೧ಕ್ಕೆ ಇಳಿಯಿತೆಂದೂ ಅದು ಹೇಳಿತು. ಇಂಟೆಲ್ ಆ ಆಯೋಗದ ಸಲಹೆಗೆ ತಲೆಬಾಗಿತಾದರೂ ಅದು ಕಂಡ ಸಂಗತಿಗಳನ್ನು ಒಪ್ಪಲಿಲ್ಲ. ಅದೇ ವರ್ಷದ ಜೂನ್ ತಿಂಗಳಲ್ಲಿ ಎಎಂಡಿಯು ಅಮೆರಿಕದ ಡೆಲವೇರ್ ಪ್ರಾಂತದ ನ್ಯಾಯಾಲಯದಲ್ಲಿ ದಾವೆ ಹೂಡಿತು. ದಕ್ಷಿಣ ಕೊರಿಯದ ಆಯೋಗವು ೨೦೦೮ರಲ್ಲಿ ೨,೬೦೦ ಕೋಟಿ ವಾನ್‌ಗಳಷ್ಟು ದಂಡ ವಿಧಿಸಿತು.

ಎಲ್ಲಕ್ಕಿಂತ ದೊಡ್ಡ ಏಟು ಬಿದ್ದದ್ದು ೨೦೦೯ರ ಮೇ ೧೩ರಂದು. ಐರೋಪ್ಯ ಆಯೋಗವು ಇಂಟೆಲಿಗೆ ೧೦೬ ಕೋಟಿ ಯೂರೊ ದಂಡ ವಿಧಿಸಿತು. ಅಂದಿನವರೆಗೆ ಸ್ಪರ್ಧಾ ಕಾನೂನಿನ ಭಂಗಕ್ಕಾಗಿ ಒಂದೇ ಕಂಪೆನಿಯ ಮೇಲೆ ಆ ಆಯೋಗವು ಹೊರಿಸಿದ ದಂಡಗಳಲ್ಲಿ ಅದೇ ಹಿರಿದು. ೨೦೦೨ರ ಅಕ್ಟೋಬರಿನಿಂದ ೨೦೦೭ರ ಡಿಸೆಂಬರಿನವರೆಗಿನ ನಡವಳಿಕೆ ಅದರ ವಿಚಾರಣೆಯ ವಿಷಯ. ಆಯೋಗವು ಕಂಡುಕೊಂಡಂತೆ ಡೆಲ್ ಸಂಸ್ಥೆಗೆ ರಿಯಾಯಿತಿ ಸಿಕ್ಕಿದ್ದು ಪ್ರೊಸೆಸರುಗಳನ್ನೆಲ್ಲ ಇಂಟೆಲಿನಿಂದಲೇ ಕೊಳ್ಳುವ ಷರತ್ತಿನ ಮೇಲೆ. ಹ್ಯೂಲೆಟ್ ಪ್ಯಾಕರ್ಡಿಗೆ ಕಚೇರಿಗಳಲ್ಲಿ ಬಳಸುವ ಮೇಜುಗಣಕಗಳಲ್ಲಿ ನೂರಕ್ಕೆ ೯೫, ಎನ್‌ಇಸಿ ಸಂಸ್ಥೆಗೆ ನೂರಕ್ಕೆ ೮೦ರ ಷರತ್ತು. ಯುರೋಪಿನ ದೊಡ್ಡ ಮಳಿಗೆಗಳ ಸಮೂಹವಾದ ಮೀಡಿಯಾ ಸ್ಯಾಟರ್ನಿಗೆ ಇಂಟೆಲ್ ಇರುವ ಯಂತ್ರಗಳನ್ನು ಮಾತ್ರ ಮಾರುವುದಕ್ಕಾಗಿ ಹಣ ಸಂದಿತ್ತು.

ಇವುಗಳಿಗಿಂತ ಹೆಚ್ಚು ಬೆತ್ತಲೆಯಾದ ಇನ್ನೊಂದು ಬಗೆಯೂ ಇತ್ತು. ಎಎಂಡಿ ಪ್ರೊಸೆಸರುಳ್ಳ ಯಂತ್ರವನ್ನು ಬಿಡುಗಡೆ ಮಾಡುವುದನ್ನೇ ತಡಮಾಡಲು ಅಥವಾ ಅದರ ಮಾರಾಟವನ್ನು ಮಿತಗೊಳಿಸಲು ಹಣ ಕೊಡುವುದು ಆ ಬಗೆ. ಏಸರ್, ಲೆನೊವೊ, ಹ್ಯೂಲೆಟ್ ಪ್ಯಾಕರ್ಡ್ ಎಂಬ ಮೂರು ಸಂಸ್ಥೆಗಳ ವಿಷಯದಲ್ಲಿ ಹಾಗೆ ನಡೆಯಿತೆಂದು ಆಯೋಗವು ಹೇಳಿತು. ಇಲ್ಲಿ ಕೊಳ್ಳುವವನಿಗೆ ಅಗ್ಗದ ಸರಕು ಬರುತ್ತಿಲ್ಲ, ಒಂದು ಸರಕು ಅವನ ಕಣ್ಣಿಗೇ ಬೀಳದಂತೆ ಪರದೆ ಎಳೆಯಲಾಗುತ್ತಿದೆ.

ಈ ಹಣದ ಪ್ರಮಾಣ ಎಷ್ಟೆಂಬುದು ತಿಳಿದದ್ದು ಇನ್ನೊಂದು ದಾರಿಯಿಂದ. ಅಮೆರಿಕದ ಷೇರುಪೇಟೆಯ ಮೇಲ್ವಿಚಾರಣೆ ನಡೆಸುವ ಆಯೋಗವು, ಇಂಟೆಲಿನಿಂದ ಬರುತ್ತಿದ್ದ ಹಣವನ್ನು ಷೇರುದಾರರಿಗೆ ತಿಳಿಸಲಿಲ್ಲವೆಂದು ಡೆಲ್ ಸಂಸ್ಥೆಯ ಮೇಲೆ ಆರೋಪ ಹೊರಿಸಿತು. ಅದರ ಆರೋಪಪತ್ರದಂತೆ, ೨೦೦೬ರ ಆರಂಭದ ಮೂರು ತಿಂಗಳಲ್ಲಿ ಡೆಲ್ಲಿನ ವ್ಯವಹಾರದ ಲಾಭದಲ್ಲಿ ನೂರಕ್ಕೆ ೭೬ರಷ್ಟು ಈ ಹಣವೇ ಆಗಿತ್ತು. ಆ ಮೇ ತಿಂಗಳಲ್ಲಿ ತಾನು ಎಎಂಡಿಯ ಪ್ರೊಸೆಸರುಗಳನ್ನೂ ಬಳಸುವೆನೆಂದು ಡೆಲ್ ಪ್ರಕಟಿಸಿತು. ಹಣದ ತೊರೆ ಬತ್ತಿತು. ೨೦೧೦ರಲ್ಲಿ ಡೆಲ್, ತಪ್ಪನ್ನು ಒಪ್ಪದೆಯೂ ಅಲ್ಲಗಳೆಯದೆಯೂ, ೧೦ ಕೋಟಿ ಡಾಲರ್ ತೆತ್ತು ರಾಜಿಯಾಯಿತು. ಒಂದು ಅಂಗಡಿಯ ಲಾಭದ ಮುಕ್ಕಾಲು ಪಾಲು ಸರಕನ್ನು ಮಾರಿದ್ದರಿಂದಲ್ಲ, ಇನ್ನೊಬ್ಬನ ಸರಕನ್ನು ಇಡದಿದ್ದುದರಿಂದ ಬರುವುದಾದರೆ, ಆ ಅಂಗಡಿಯ ನಿಜವಾದ ಯಜಮಾನ ಯಾರು?

೨೦೦೯ರ ನವೆಂಬರಿನಲ್ಲಿ ದಾಯಾದಿಗಳು ರಾಜಿಯಾದರು. ಇಂಟೆಲ್ ೧೨೫ ಕೋಟಿ ಡಾಲರುಗಳನ್ನು ಎಎಂಡಿಗೆ ಕೊಟ್ಟಿತು, ಎಎಂಡಿ ದಾವೆಗಳನ್ನು ಹಿಂತೆಗೆದುಕೊಂಡಿತು. ಮುಂದಿನ ವರ್ಷ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ದಂಡವನ್ನೇನೂ ಹಾಕದೆ, ಎದುರಾಳಿಯಿಂದ ಕೊಳ್ಳಬಾರದೆಂಬ ಷರತ್ತಿನ ಮೇಲೆ ಇಂಟೆಲ್ ಸವಲತ್ತು ಕೊಡಕೂಡದೆಂದು ಕಟ್ಟುಮಾಡಿತು.

ಇಷ್ಟು ಹೇಳಿ ನಿಲ್ಲಿಸಿದರೆ ನಾನು ಒಂದು ಪಕ್ಷದ ವಕೀಲನಾದೇನು. ಇಂಟೆಲಿನ ವಾದವನ್ನೂ ಕೇಳಬೇಕು. ರಿಯಾಯಿತಿಯೆಂದರೆ ಬೆಲೆ ಇಳಿಕೆ, ಬೆಲೆ ಇಳಿಕೆಯೇ ಸ್ಪರ್ಧೆಯ ಫಲ, ಅದನ್ನು ಶಿಕ್ಷಿಸಿದರೆ ಕೊಳ್ಳುವವನಿಗೇ ಕೇಡು ಎಂದು ಅದು ವಾದಿಸಿತು. ಈ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಹೆಚ್ಚು ಕೊಂಡವನಿಗೆ ಬೆಲೆ ಇಳಿಸುವುದು ನಮ್ಮ ಜಿನಸಿ ಅಂಗಡಿಯಲ್ಲಿಯೂ ಇದೆ. ಐರೋಪ್ಯ ನ್ಯಾಯಾಲಯಗಳೂ ಇದೇ ಕಟ್ಟಿನಲ್ಲಿ ಸಿಕ್ಕಿಕೊಂಡವು. ೨೦೧೪ರಲ್ಲಿ ಕೆಳಗಿನ ನ್ಯಾಯಾಲಯವು ದಂಡವನ್ನು ಎತ್ತಿಹಿಡಿಯಿತು. ೨೦೧೭ರಲ್ಲಿ ಮೇಲಿನ ನ್ಯಾಯಾಲಯವು ಆ ತೀರ್ಪನ್ನು ಬದಿಗಿಟ್ಟು, ಇಂಟೆಲಿನಷ್ಟೇ ದಕ್ಷನಾದ ಎದುರಾಳಿಯೊಬ್ಬನು ಈ ರಿಯಾಯಿತಿಗಳಿಂದ ಹೊರದೂಡಲ್ಪಡುತ್ತಿದ್ದನೇ ಎಂಬ ಲೆಕ್ಕದ ವಾದವನ್ನು ಪರಿಶೀಲಿಸಬೇಕೆಂದು ಹಿಂದಕ್ಕೆ ಕಳುಹಿಸಿತು. ೨೦೨೨ರ ಜನವರಿಯಲ್ಲಿ ಕೆಳಗಿನ ನ್ಯಾಯಾಲಯವು, ಆಯೋಗದ ಲೆಕ್ಕವು ಸಾಕಷ್ಟು ಪೂರ್ಣವಾಗಿಲ್ಲವೆಂದು ಹೇಳಿ ೧೦೬ ಕೋಟಿಯ ದಂಡವನ್ನು ರದ್ದುಗೊಳಿಸಿತು. ೨೦೨೪ರ ಅಕ್ಟೋಬರಿನಲ್ಲಿ ಮೇಲಿನ ನ್ಯಾಯಾಲಯವೂ ಅದನ್ನೇ ಸ್ಥಿರಪಡಿಸಿತು. ಆದರೆ ಎದುರಾಳಿಯ ಯಂತ್ರವನ್ನು ತಡೆಯಲು ಹಣ ಕೊಟ್ಟ ಆ ಬೆತ್ತಲೆ ಬಗೆಯನ್ನು ನ್ಯಾಯಾಲಯವು ಕ್ಷಮಿಸಲಿಲ್ಲ. ಅದೊಂದಕ್ಕಾಗಿಯೇ ಆಯೋಗವು ೨೦೨೩ರಲ್ಲಿ ಸುಮಾರು ೩೭.೬ ಕೋಟಿ ಯೂರೊಗಳ ಹೊಸ ದಂಡವನ್ನು ವಿಧಿಸಿತು. ಅದರ ಮೇಲೂ ಇಂಟೆಲ್ ಮೇಲ್ಮನವಿ ಸಲ್ಲಿಸಿತು.

೨೦೦೯ರಲ್ಲಿ ಹುಟ್ಟಿದ ಮಗು ೨೦೨೪ರಲ್ಲಿ ಹತ್ತನೆಯ ತರಗತಿಯಲ್ಲಿ ಕುಳಿತಿತ್ತು. ಅಷ್ಟು ಕಾಲ ಒಂದು ವ್ಯಾಜ್ಯ ನಡೆದರೆ, ಗೆದ್ದವರು ಯಾರಾದರೇನು? ಅಟ್ಟ ಮೇಲೆ ಒಲೆ ಉರಿಯಿತು ಎಂಬಂತೆ, ತೀರ್ಪಿನ ಬೆಳಕು ಬೀಳುವ ಹೊತ್ತಿಗೆ ಆ ಮಾರುಕಟ್ಟೆಯೇ ಬೇರೆಯಾಗಿತ್ತು.

ಎಎಂಡಿಯ ತಪ್ಪುಗಳನ್ನೂ ಹೇಳುವುದು ನ್ಯಾಯ. ೨೦೦೬ರಲ್ಲಿ ಅದು ಎಟಿಐ ಎಂಬ ಕಂಪೆನಿಯನ್ನು ೫೪೦ ಕೋಟಿ ಡಾಲರ್ ಕೊಟ್ಟು ಕೊಂಡು ಸಾಲದ ಹೊರೆ ಹೊತ್ತಿತು. ೨೦೦೯ರಲ್ಲಿ ತನ್ನ ಕಾರ್ಖಾನೆಗಳನ್ನೇ ಬೇರ್ಪಡಿಸಬೇಕಾಯಿತು. ೨೦೧೧ರಲ್ಲಿ ಅದು ತಂದ ಬುಲ್‌ಡೋಜರ್ ಎಂಬ ವಿನ್ಯಾಸವು ಇಂಟೆಲಿನ ಮುಂದೆ ನಿಲ್ಲಲಾರದೆ ಹೋಯಿತು. ಅದಕ್ಕೆ ಯಾರ ರಿಯಾಯಿತಿಯೂ ಕಾರಣವಲ್ಲ. ಆದರೂ ಸರಕು ಉತ್ತಮವಾಗಿದ್ದ ವರ್ಷಗಳಲ್ಲಿ ಬರಬೇಕಾದ ಹಣ ಬಂದಿದ್ದರೆ, ಕೆಟ್ಟ ವರ್ಷಗಳನ್ನು ದಾಟಲು ಅದರ ಕಣಜದಲ್ಲಿ ಸ್ವಲ್ಪ ಭತ್ತವಿರುತ್ತಿತ್ತೆಂಬುದು ಯಾವ ಕೃಷಿಕನಿಗೂ ತಿಳಿಯುವ ಮಾತು.

ಎದುರಾಳಿ ಸೊರಗಿದುದರಿಂದ ನಮಗೇನು ನಷ್ಟವಾಯಿತು? ಬೆಲೆಯ ಚೀಟಿಯಲ್ಲಿ ಹುಡುಕಿದರೆ ಅದು ಸಿಗಲಾರದು. ಆಧುನಿಕ ಪ್ರೊಸೆಸರಿನೊಳಗೆ ಕೆಲಸವನ್ನು ಹಂಚಿಕೊಳ್ಳುವ ಕೋರ್ ಎಂಬ ಘಟಕಗಳಿರುತ್ತವೆ. ಒಂದೇ ಅಡುಗೆಮನೆಯಲ್ಲಿ ಹಲವು ಅಡುಗೆಯವರಿದ್ದಂತೆ. ಸಾಮಾನ್ಯರ ಮೇಜುಗಣಕಗಳಿಗಾಗಿ ಇಂಟೆಲ್ ನಾಲ್ಕು ಕೋರ್‌ಗಳ ಪ್ರೊಸೆಸರನ್ನು ೨೦೦೭ರ ಹೊತ್ತಿಗೆ ಮಾರುತ್ತಿತ್ತು. ಹತ್ತು ವರ್ಷಗಳ ಬಳಿಕ, ೨೦೧೭ರ ಆದಿಯಲ್ಲಿಯೂ, ಆ ವರ್ಗದಲ್ಲಿ ಅದು ಮಾರುತ್ತಿದ್ದುದು ನಾಲ್ಕೇ ಕೋರ್‌ಗಳ ಪ್ರೊಸೆಸರು. ೨೦೧೪ರಲ್ಲಿ ಲಿಸಾ ಸು ಎಂಬ ಮಹಿಳೆ ಎಎಂಡಿಯ ಮುಖ್ಯಸ್ಥೆಯಾದರು. ಅವರ ಕಾಲದಲ್ಲಿ, ೨೦೧೭ರ ಮಾರ್ಚ್ ತಿಂಗಳಲ್ಲಿ, ಎಂಟು ಕೋರ್‌ಗಳ ರೈಜನ್ ಪ್ರೊಸೆಸರು ಹೊರಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಟೆಲಿನಿಂದ ಆರು ಕೋರ್, ಮರುವರ್ಷ ಎಂಟು! ಹತ್ತು ವರ್ಷ ಅಲುಗಾಡದಿದ್ದ ಸಂಖ್ಯೆ ಇಪ್ಪತ್ತು ತಿಂಗಳೊಳಗೆ ಇಮ್ಮಡಿಯಾಯಿತು. ಸ್ಪರ್ಧೆ ಕುಗ್ಗಿದಾಗ ನಾವು ತೆರುವ ಬೆಲೆ ಇದೇ: ಬರಬಹುದಾಗಿದ್ದು ಬಾರದೆ ಉಳಿದದ್ದು. ಬಾರದೆ ಉಳಿದದ್ದಕ್ಕೆ ಯಾವ ಅಂಗಡಿಯವನೂ ರಶೀದಿ ಬರೆಯುವುದಿಲ್ಲ.

ಬೇಲಿ ಕಟ್ಟಿದವನಿಗೂ ಅದು ಕೊನೆಯವರೆಗೆ ಕಾವಲಾಗಲಿಲ್ಲ. ಕೈಯಲ್ಲಿ ಹಿಡಿಯುವ ದೂರವಾಣಿಗಳ ಯುಗ ಬಂದಾಗ ಅವು ಆರ್ಮ್ ಎಂಬ ಬೇರೊಂದು ಭಾಷೆಯ ಪ್ರೊಸೆಸರುಗಳನ್ನು ಆರಿಸಿಕೊಂಡವು. ೨೦೨೦ರಲ್ಲಿ ಆಪಲ್ ಸಂಸ್ಥೆಯು ತನ್ನ ಗಣಕಗಳಿಗೂ ಅದೇ ಭಾಷೆಯ ಸ್ವಂತ ಪ್ರೊಸೆಸರನ್ನು ಅಳವಡಿಸತೊಡಗಿ ಇಂಟೆಲಿನಿಂದ ದೂರ ಸರಿಯಿತು. ದೊಡ್ಡ ಕಚೇರಿಗಳ ಸರ್ವರ್ ಯಂತ್ರಗಳಲ್ಲಿ ೨೦೧೭ರಲ್ಲಿ ಲೆಕ್ಕಕ್ಕೇ ಸಿಗದಷ್ಟಿದ್ದ ಎಎಂಡಿಯ ಪಾಲು ೨೦೨೩ರ ಕೊನೆಗೆ ಐದರಲ್ಲೊಂದನ್ನು ಮೀರಿತು. ಆ ನವೆಂಬರಿನಲ್ಲಿ ಎಎಂಡಿ ತನ್ನ ಅತ್ಯಂತ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿ. ಇಂಟೆಲಿಗೂ ಅಲ್ಲಿ ವಿನ್ಯಾಸ ಕೇಂದ್ರವಿದೆ. 

ನಮ್ಮ ದೇಶದಲ್ಲಿ ಏಕಸ್ವಾಮ್ಯವನ್ನು ತಡೆಯಲು ೧೯೬೯ರಲ್ಲಿಯೇ ಒಂದು ಕಾಯಿದೆ ಬಂದಿತ್ತು; ಅದರ ಸ್ಥಾನವನ್ನು ೨೦೦೨ರ ಸ್ಪರ್ಧಾ ಕಾಯಿದೆ ತುಂಬಿತು. ಪ್ರಬಲ ಸ್ಥಾನದ ದುರುಪಯೋಗವನ್ನು ನಿಷೇಧಿಸುವ ಅದರ ವಿಧಿ ಜಾರಿಗೆ ಬಂದದ್ದು ೨೦೦೯ರ ಮೇ ೨೦ರಂದು, ಐರೋಪ್ಯ ಆಯೋಗದ ತೀರ್ಪಿನಿಂದ ಸರಿಯಾಗಿ ಒಂದು ವಾರಕ್ಕೆ. ದೊಡ್ಡದಾಗಿರುವುದು ಆ ಕಾಯಿದೆಯಲ್ಲಿ ಅಪರಾಧವಲ್ಲ. ದೊಡ್ಡತನವನ್ನು ಬಾಗಿಲು ಮುಚ್ಚಲು ಬಳಸುವುದು ಅಪರಾಧ.

ಈ ವಿವೇಕ ನಮ್ಮ ಅಡಕೆ ಕೃಷಿಕರಿಗೆ ಹೊಸತಲ್ಲ. ೧೯೭೩ರಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಗಡಿಯನ್ನು ಮರೆತು ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯನ್ನು ಕಟ್ಟಿದರು. ಅದರಿಂದ ಉಪಕಾರವಾದದ್ದು ಅಲ್ಲಿಗೆ ಅಡಕೆ ಕೊಟ್ಟವನಿಗೆ ಮಾತ್ರವಲ್ಲ. ಖಾಸಗಿ ವ್ಯಾಪಾರಿಯ ಜಗಲಿಯಲ್ಲಿ ಕುಳಿತವನಿಗೂ "ನಿಮ್ಮ ಧಾರಣೆ ಸರಿಬಾರದಿದ್ದರೆ ಅಲ್ಲಿಗೆ ಒಯ್ಯುತ್ತೇನೆ" ಎನ್ನುವ ಧೈರ್ಯ ಬಂತು. ಎರಡನೆಯ ಬಾಗಿಲು ಇರುವುದು ಅದರ ಮೂಲಕ ಹೋಗುವವರಿಗಾಗಿ ಮಾತ್ರವಲ್ಲ. ಮೊದಲನೆಯ ಬಾಗಿಲಿನವನು ನಮ್ಮನ್ನು ಮರ್ಯಾದೆಯಿಂದ ಕಾಣುವುದಕ್ಕಾಗಿಯೂ ಅದು ಬೇಕು.

ಅಂಗಡಿ ಇಟ್ಟಿರುವ ವಾಚಕ ಬಂಧುಗಳಿಗೆ ಒಂದು ಮಾತು. ಯಾವನಾದರೂ ಏಜೆಂಟನು ಬಂದು ರಿಯಾಯಿತಿ ಕೊಡುತ್ತೇನೆಂದಾಗ ಅದು ಎಷ್ಟೆಂದು ಕೇಳುವುದರ ಜೊತೆಗೆ ಷರತ್ತು ಏನೆಂದೂ ಕೇಳಿರಿ. "ಹೆಚ್ಚು ಕೊಂಡರೆ" ಎಂದರೆ ಅದು ವ್ಯಾಪಾರ. "ಬೇರೆಯವನದನ್ನು ಇಡದಿದ್ದರೆ" ಎಂದರೆ ಅವನು ಕೊಳ್ಳುತ್ತಿರುವುದು ನಿಮ್ಮ ಅಂಗಡಿಯ ಕಪಾಟನ್ನು, ಅದೂ ಅಗ್ಗದಲ್ಲಿ.

ಆ ದಿನ ನಾವು ಯಾವುದನ್ನು ಕೊಂಡೆವೆಂದು ಹೇಳಲಾರೆ. ಈ ಅಂಕಣವು ಯಾರ ಜಾಹೀರಾತೂ ಅಲ್ಲ. ಎರಡು ಕಂಪೆನಿಗಳ ಯಂತ್ರಗಳನ್ನೂ ಅಕ್ಕಪಕ್ಕದಲ್ಲಿ ಇರಿಸಲು ಹೇಳಿ, ಮೊಮ್ಮಗಳು ಒಂದೊಂದರ ಗುಣದೋಷಗಳನ್ನು ತನ್ನ ನೋಟುಪುಸ್ತಕದಲ್ಲಿ ಬರೆದುಕೊಂಡಳು. ಅದನ್ನು ಕಂಡ ಯಜಮಾನರು ನಾವು ಕೇಳುವ ಮೊದಲೇ ಬೆಲೆಯನ್ನು ಸ್ವಲ್ಪ ಇಳಿಸಿದರು. ಷರತ್ತೇನಾದರೂ ಇದೆಯೇ ಎಂದು ನಾನು ಕೇಳಿದೆ. "ಇದೆ, ಮಾಸ್ತರೇ. ಮಗು ಚೆನ್ನಾಗಿ ಓದಬೇಕು" ಎಂದರು. ಅಂಥ ಷರತ್ತಿಗೆ ನಮ್ಮ ಅಡ್ಡಿಯಿಲ್ಲ.